ದಿನದ ಓಡಾಟಕ್ಕೆ ದೊಡ್ಡ ವ್ಯಾನ್ ಇಟ್ಟುಕೊಳ್ಳಬಹುದಾ? ತುಮಕೂರಿನಲ್ಲಿ ಯಾರಾದರೂ ಓಡಿಸ್ತಿದ್ದೀರಾ?

ಬಟವಾಡಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಒಂಬತ್ತು ಜನರ ಮನೆ. ಅಪ್ಪ, ಅಮ್ಮ, ಅಜ್ಜಿ, ನಾನು, ನನ್ನ ಹೆಂಡತಿ, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು. ಇರುವುದು ಒಂದು ಹಳೇ ಸ್ವಿಫ್ಟ್, ಎರಡು ಸ್ಕೂಟರ್. ಎಲ್ಲಿಗೆ ಹೊರಟರೂ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಬಸ್ಸಿನಲ್ಲಿ.

ಹೋದ ತಿಂಗಳು ಗೊರವನಹಳ್ಳಿಗೆ ಹೊರಟಿದ್ದೆವು. ಅಜ್ಜಿ ಸೀರೆ ಉಟ್ಟು ರೆಡಿಯಾಗಿ ಜಗಲಿ ಮೇಲೆ ಕೂತಿದ್ದರು. ಕಾರಿಗೆ ಯಾರು ಹತ್ತಬೇಕು ಅಂತ ಮಾತು ಶುರುವಾದ ತಕ್ಷಣ "ನನಗೆ ಮಂಡಿ ನೋವು ಕಣಪ್ಪ, ನೀವು ಹೋಗಿಬನ್ನಿ" ಅಂದರು. ಮಂಡಿ ನೋವು ನಿಜ. ಆದರೆ ಅವತ್ತು ಅವರು ಉಳಿದಿದ್ದು ಜಾಗ ಇಲ್ಲ ಅಂತ. ಅದು ನನಗೆ ಇನ್ನೂ ಮನಸ್ಸಿನಲ್ಲಿ ಕೊರೀತಾ ಇದೆ.

ಒಂದು ಸೆಕೆಂಡ್ ಹ್ಯಾಂಡ್ ಟಾಟಾ ವಿಂಗರ್ ನೋಡಿದ್ದೇನೆ. 2018ರ ಮಾಡೆಲ್, ಬಿಳಿ ಬೋರ್ಡ್. ದಿನಾ ಮಕ್ಕಳ ಸ್ಕೂಲು, ಅಂತರಸನಹಳ್ಳಿ ಮಾರ್ಕೆಟ್ಟು, ಆಗಾಗ ಬೆಂಗಳೂರು. ಇಷ್ಟಕ್ಕೆ ಅಷ್ಟು ದೊಡ್ಡ ಗಾಡಿ ಕಷ್ಟ ಆಗುತ್ತಾ? ನನ್ನ ಹತ್ತಿರ ಇರುವುದು ಮಾಮೂಲಿ ಕಾರಿನ ಲೈಸೆನ್ಸ್. ಅದು ನಡೆಯುತ್ತಾ? ದಯವಿಟ್ಟು ಓಡಿಸಿದವರು ಹೇಳಿ.

ಎಸ್‌ಐಟಿ ರೋಡ್:

ಅಣ್ಣ, ನನ್ನ ಮಾತು ಕೇಳಿದರೆ ಬೇಡ. ಅಶೋಕ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ನನ್ನ ಆಲ್ಟೊ ನಿಲ್ಲಿಸುವುದಕ್ಕೇ ಜಾಗ ಸಿಗುವುದಿಲ್ಲ. ಹಳೇ ಇನ್ನೋವಾ ನೋಡಿ, ಎಂಟು ಸೀಟಿನದು. ಮಕ್ಕಳು ಹೇಗೋ ಅಡ್ಜಸ್ಟ್ ಆಗುತ್ತಾರೆ. ಮಾರುವಾಗಲೂ ಒಳ್ಳೆ ರೇಟ್ ಬರುತ್ತದೆ.

ಕ್ಯಾತ್ಸಂದ್ರದ ಸೊಸೆ:

ನಾವು ವಿಂಗರ್ ತಗೊಂಡು ನಾಲ್ಕು ವರ್ಷ ದಾಟಿತು. ಮನೆಯಲ್ಲಿ ಬೇರೆ ಕಾರೇ ಇಲ್ಲ. ಹಾಲು ತರಕಾರಿಗೆ ಸ್ಕೂಟರ್, ಮಿಕ್ಕಿದ್ದಕ್ಕೆಲ್ಲ ಇದೇ. ಜಾಸ್ತಿ ಓಡಿಸುವುದೂ ನಾನೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಮಾವನವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಆಗ ಇದ್ದದ್ದು ಸಣ್ಣ ಕಾರು. ಅವರನ್ನು ಕೂರಿಸಬೇಕು ಅಂದರೆ ನಾನು ಬಗ್ಗಿ, ಅವರ ತಲೆ ತಾಗದ ಹಾಗೆ ಕೈ ಅಡ್ಡ ಇಟ್ಟು ತಳ್ಳಬೇಕು. ಆ ಕಡೆ ಬಾಗಿಲಿನಿಂದ ನಮ್ಮ ಯಜಮಾನರು ಎಳೆದುಕೊಳ್ಳಬೇಕು. ಎಡಗಾಲು ಹೊರಗೇ ಉಳಿಯುತ್ತಿತ್ತು, ಅದನ್ನು ಎತ್ತಿ ಒಳಗೆ ಇಡಬೇಕು. ಪಂಚೆ ಸರಿದುಹೋಗುತ್ತಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವರು ರಿಟೈರ್ಡ್ ಮೇಷ್ಟ್ರು. ಎರಡು ಸಲ ಹೀಗಾದ ಮೇಲೆ "ಇನ್ನು ಎಲ್ಲಿಗೂ ಕರೀಬೇಡಿ" ಅಂದುಬಿಟ್ಟರು. ಆಮೇಲೆ ಫಿಸಿಯೋಥೆರಪಿಗೆ ಬಿಟ್ಟು ಎಂಟು ತಿಂಗಳು ಮನೆ ದಾಟಲಿಲ್ಲ.

ವಿಂಗರ್‌ನಲ್ಲಿ ಪಕ್ಕದ ಬಾಗಿಲು ಜಾರಿಸಿದರೆ ಅಗಲವಾಗಿ ತೆರೆದುಕೊಳ್ಳುತ್ತದೆ. ನಮ್ಮದು ಹೈ ರೂಫ್, ನನ್ನ ಎತ್ತರದವರು ಒಳಗೆ ಬಗ್ಗದೆ ನಿಲ್ಲಬಹುದು. ಯಜಮಾನರು ಒಳಗೆ ನಿಂತು ಮಾವನವರ ಎರಡೂ ಕಂಕುಳಿಗೆ ಕೈ ಹಾಕುತ್ತಾರೆ. ನಾನು ಹೊರಗಿನಿಂದ ಸೊಂಟ ಹಿಡಿಯುತ್ತೇನೆ. ಅವರು ಬಲಗಾಲು ಮೆಟ್ಟಿಲ ಮೇಲಿಟ್ಟು ತಾವೇ ಎದ್ದ ಹಾಗೆ ಏಳುತ್ತಾರೆ. ಒಂದು ನಿಮಿಷವೂ ಆಗುವುದಿಲ್ಲ. ಇದು ಮುಂದಿನ ಚಕ್ರ ಎಳೆಯುವ ಗಾಡಿ, ಹಿಂದಕ್ಕೆ ಹೋಗುವ ಶಾಫ್ಟ್ ನೆಲದಡಿ ಇಲ್ಲ. ಹಾಗಾಗಿ ನೆಲ ತಗ್ಗು. ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಕೂಡ ನೋಡಿದ್ದೆವು. ಅದಕ್ಕೆ ಹತ್ತಲು ಇನ್ನೂ ಎತ್ತರಕ್ಕೆ ಕಾಲಿಡಬೇಕಿತ್ತು, ಮಾವನವರಿಗೆ ಆಗಲಿಲ್ಲ.

ಗಾಡಿ ತಂದ ಎರಡನೇ ವಾರ ಅವರನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದೆವು. ನಾಮದ ಚಿಲುಮೆ ಹತ್ತಿರ ಗಾಡಿ ನಿಲ್ಲಿಸಿ ಬಾಗಿಲು ತೆಗೆದೆ. ಅವರು ಸೀಟಿನಿಂದ ಇಳಿಯಲೇ ಇಲ್ಲ. ಗಾಳಿಗೆ ಮುಖ ಕೊಟ್ಟು ಅರ್ಧ ಗಂಟೆ ಸುಮ್ನೆ ಕೂತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಈಗ ಕಷ್ಟದ ವಿಷಯ. ನಮ್ಮ ಗಾಡಿ ಸುಮಾರು ಹದಿನೆಂಟು ಅಡಿ ಉದ್ದ, ಎತ್ತರ ಎಂಟು ಅಡಿ. ಅಗಲ ಮಾತ್ರ ಹೆದರುವಷ್ಟಿಲ್ಲ, ಆರೂಕಾಲು ಅಡಿ. ಮೊದಲ ತಿಂಗಳು ನನಗೆ ತೊಂದರೆ ಕೊಟ್ಟಿದ್ದು ಉದ್ದ. ಗಲ್ಲಿಯಲ್ಲಿ ತಿರುಗುವಾಗ ಹಿಂದಿನ ಚಕ್ರ ಒಳಗೆ ಕಟ್ ಆಗುತ್ತದೆ. ಕಾರಿನ ಅಭ್ಯಾಸದಲ್ಲಿ ಬೇಗ ತಿರುಗಿಸಿದರೆ ಮೂಲೆಯ ಕಲ್ಲಿನ ಮೇಲೆ ಹತ್ತುತ್ತದೆ. ಸ್ವಲ್ಪ ಮುಂದೆ ಹೋಗಿ ಆಮೇಲೆ ತಿರುಗಿಸಬೇಕು. ನಾನು ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಇಟ್ಟಿಗೆ ಜೋಡಿಸಿಕೊಂಡು ಕಲಿತೆ. ರಿವರ್ಸ್ ಕ್ಯಾಮೆರಾ ಹಾಕಿಸಿ, ಅದರಲ್ಲಿ ಉಳಿತಾಯ ನೋಡಬೇಡಿ. ಹಿಂದೆ ಮಕ್ಕಳು ಆಡುತ್ತಿರುತ್ತಾರೆ, ಅಲ್ವಾ.

ಅಶೋಕ ರಸ್ತೆ, ಎಂ.ಜಿ. ರಸ್ತೆಗೆ ನಾನು ಗಾಡಿ ಒಯ್ಯುವುದೇ ಇಲ್ಲ. ದೂರದಲ್ಲಿ ನಿಲ್ಲಿಸಿ ಆಟೋದಲ್ಲಿ ಹೋಗುತ್ತೇನೆ. ಎಸ್‌ಐಟಿ ರೋಡ್ ಅವರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

ಎತ್ತರ ಮಾತ್ರ ಯಾವತ್ತೂ ಮರೆಯಬೇಡಿ. ಒಂದು ಸಲ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಾವಲಿನವರು ಬೇಸ್‌ಮೆಂಟ್ ಕಡೆ ಕೈ ತೋರಿಸಿದರು, ನಾನು ಇಳಿಸಿಬಿಟ್ಟೆ. ಅರ್ಧ ಇಳಿದ ಮೇಲೆ 2.1 ಮೀಟರ್ ಅಂತ ಬೋರ್ಡು ಕಂಡಿತು. ನಮ್ಮ ಗಾಡಿ 2.4 ಮೀಟರಿಗೂ ಜಾಸ್ತಿ. ಹಿಂದೆ ಐದು ಕಾರು ನಿಂತಿದ್ದವು. ಒಂದೊಂದೇ ಹಿಂದೆ ಹೋಗುವಷ್ಟರಲ್ಲಿ ಮಾವನವರ ಅಪಾಯಿಂಟ್‌ಮೆಂಟ್ ಟೈಮು ಮುಗಿದಿತ್ತು. ಈಗ ಹೋಗುವ ಮೊದಲೇ ಫೋನ್ ಮಾಡಿ "ಹೊರಗಡೆ ಪಾರ್ಕಿಂಗ್ ಇದೆಯಾ" ಅಂತ ಕೇಳುತ್ತೇನೆ. ಅಂಡರ್‌ಪಾಸ್, ಮದುವೆ ಮನೆ ಚಪ್ಪರ, ತಗ್ಗಿದ ಮರದ ಕೊಂಬೆ, ಎಲ್ಲಕ್ಕೂ ಇದೇ ಎಚ್ಚರ ಬೇಕು.

ಮೈಲೇಜ್ ನಮಗೆ ಊರೊಳಗೆ 9, ಹೈವೇಯಲ್ಲಿ 12ರ ಹತ್ತಿರ. ಕ್ಯಾತ್ಸಂದ್ರ ಟೋಲಿನಲ್ಲಿ ಕಾರಿನ ರೇಟೇ ಕಟ್ ಆಗುತ್ತದೆ. ಬಯಲಿನಲ್ಲಿ ಜೋರು ಗಾಳಿ ಇದ್ದರೆ ಗಾಡಿ ಪಕ್ಕಕ್ಕೆ ಎಳೆದ ಹಾಗಾಗುತ್ತದೆ, 80 ದಾಟಬೇಡಿ.

ಲೈಸೆನ್ಸ್ ಚಿಂತೆ ಬೇಡ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಗೆಲ್ಲ ಎಲ್‌ಎಂವಿ ಲೈಸೆನ್ಸ್, ಅಂದರೆ ನಿಮ್ಮ ಹತ್ತಿರ ಇರುವ ಕಾರಿನ ಲೈಸೆನ್ಸೇ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್‌ನ ಐವರು ಜಡ್ಜ್‌ಗಳ ಪೀಠ, ಆ ತೂಕದೊಳಗಿನ ಹಳದಿ ಬೋರ್ಡ್ ಗಾಡಿಗೂ ಅದೇ ಲೈಸೆನ್ಸ್ ನಡೆಯುತ್ತದೆ ಅಂತ ಹೇಳಿದೆ. ವಿಂಗರ್ ಅದರ ಅರ್ಧ ತೂಕವೂ ಇಲ್ಲ.

ಇನ್ನೋವಾ ಒಳ್ಳೆ ಗಾಡಿ, ಇಲ್ಲ ಅನ್ನುವುದಿಲ್ಲ. ಆದರೆ ಎಂಟು ಸೀಟಿಗೆ ಒಂಬತ್ತು ಜನ ಹೊರಟರೆ ಮತ್ತೆ ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಆ ಒಬ್ಬರು ನಿಮ್ಮ ಅಜ್ಜಿಯೇ ಆಗಿರುತ್ತಾರೆ.

ಗುಬ್ಬಿ ಗ್ಯಾರೇಜ್:

ಅಕ್ಕ ಎಲ್ಲ ಹೇಳಿದ್ದಾರೆ. ನಾನು ತಗೊಳ್ಳುವಾಗ ನೋಡಬೇಕಾದ್ದು ಮಾತ್ರ ಹೇಳುತ್ತೇನೆ.

ಮೊದಲು ಆರ್‌ಸಿ. ಗಾಡಿ ಮುಂಚೆ ಹಳದಿ ಬೋರ್ಡ್ ಇದ್ದು ಆಮೇಲೆ ಬಿಳಿ ಮಾಡಿಸಿದ್ದಾ ಅಂತ ಕೇಳಿ. ಹಾಗಿದ್ದರೆ ಪರ್ಮಿಟ್ ಸರೆಂಡರ್ ಆಗಿರಬೇಕು, ಟ್ಯಾಕ್ಸ್ ಬಾಕಿ ಇರಬಾರದು. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಗಾಡಿಯಲ್ಲೂ ಅಷ್ಟೇ ಇರಬೇಕು. ಸೀಟು ಕಿತ್ತು ಹಾಗೇ ಓಡಿಸಿದರೆ ಇನ್ಶೂರೆನ್ಸ್ ಕ್ಲೇಮಿಗೆ ಹೋದಾಗ ತೊಂದರೆ.

ವಿಂಗರ್‌ಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ತುಕ್ಕು ಅಂದರೆ ಬರೀ ಪೇಂಟಿನ ವಿಷಯ ಅಲ್ಲ. ಬಾಗಿಲ ಕೆಳಗಿನ ಪಟ್ಟಿ, ಮ್ಯಾಟ್ ಎತ್ತಿ ಒಳಗಿನ ನೆಲ, ಎರಡನ್ನೂ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಠಣ್ ಅಂದರೆ ಸರಿ. ಮೆತ್ತಗೆ ದಪ್ ಅಂದರೆ ಅಲ್ಲಿ ತುಕ್ಕು ಮುಚ್ಚಲು ಪುಟ್ಟಿ ತುಂಬಿದ್ದಾರೆ ಅಂತ.

ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಟಕ್ ಟಕ್ ಅಂತ ಸದ್ದು ಬಂದರೆ ಮುಂದಿನ ಆಕ್ಸಲ್ ಜಾಯಿಂಟ್ ಹೋಗಿದೆ. ರಬ್ಬರ್ ಬೂಟ್ ಹರಿದು ಒಳಗೆ ಮಣ್ಣು ಸೇರಿದರೆ ಹೀಗಾಗುತ್ತದೆ. ನಾನು ಕೆಲಸ ಕಲಿತಿದ್ದು ಹಳೇ ಮ್ಯಾಟಡೋರ್ ಮೇಲೆ. ಅದೂ ಮುಂದಿನ ಚಕ್ರದ ಎಳೆತವೇ, ಅದರಲ್ಲೂ ಇದೇ ಕಾಯಿಲೆ ನೋಡಿದ್ದೇನೆ.

2018ರದ್ದು ಬಿಎಸ್4, ಅಂದರೆ ಹಳೇ ಹೊಗೆ ನಿಯಮದ ಗಾಡಿ. ನಿಮ್ಮ ಓಡಾಟಕ್ಕೆ ಅದೇ ಒಳ್ಳೆಯದು. 2020ರ ಏಪ್ರಿಲ್ ಆದಮೇಲಿನ ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಸ್ಕೂಲಿಗೆ ಎರಡು ಕಿಲೋಮೀಟರ್ ಓಡಿಸುತ್ತಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಅರ್ಧ ಗಂಟೆ ಬಿಡಬೇಕಾಗುತ್ತದೆ.

ಬಟವಾಡಿ ಹುಡುಗ:

ಅಕ್ಕ, ಅಣ್ಣ, ಇಬ್ಬರಿಗೂ ಕೈ ಮುಗಿಯುತ್ತೇನೆ. ಇವತ್ತು ಟೇಪ್ ಹಿಡಿದು ಅಳೆದೆ. ಗೇಟು ಹತ್ತು ಅಡಿ ಅಗಲ ಇದೆ, ಆದರೆ ಪೋರ್ಟಿಕೋ ಸಜ್ಜಾ ಏಳೂವರೆ ಅಡಿ ಎತ್ತರ ಅಷ್ಟೇ. ಒಳಗೆ ಹೋಗುವುದಿಲ್ಲ. ಪಕ್ಕದ ಖಾಲಿ ಸೈಟಿನವರನ್ನು ಕೇಳಿದೆ, ಮುಳ್ಳುಗಿಡ ತೆಗೆಸಿಕೊಂಡು ನಿಲ್ಲಿಸಿಕೊಳ್ಳಿ ಅಂದರು. ಗಾಡಿಯ ಪಟ್ಟಿ, ನೆಲ ಎರಡೂ ತಟ್ಟಿ ನೋಡಿದೆ, ಠಣ್ ಅಂತು. ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಹತ್ತಿಸಿ ನೋಡುತ್ತೇನೆ. ಅವರನ್ನು ಯಾವ ಸೀಟಿನಲ್ಲಿ ಕೂರಿಸಲಿ?

ಕ್ಯಾತ್ಸಂದ್ರದ ಸೊಸೆ:

ಬಾಗಿಲ ಪಕ್ಕದ ಮೊದಲ ಸಾಲು. ಕೊನೆ ಸಾಲು ಬೇಡವೇ ಬೇಡ, ಹಂಪ್ ಬಂದಾಗ ಹಿಂದೆ ಎತ್ತಿ ಹಾಕುತ್ತದೆ, ಮಂಡಿಗೆ ಆಗುವುದಿಲ್ಲ. ಒಂದು ಸಣ್ಣ ಕಬ್ಬಿಣದ ಸ್ಟೂಲ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ. ನೆಲಕ್ಕೂ ಗಾಡಿಯ ಮೆಟ್ಟಿಲಿಗೂ ಎಷ್ಟು ಎತ್ತರವೋ ಅದರ ಸರಿ ಅರ್ಧ ಇರಲಿ. ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಮೇಲೆ ಹಳೇ ಟಯರಿನ ತುಂಡು ಅಂಟಿಸಿ, ಮಳೆಯಲ್ಲೂ ಜಾರುವುದಿಲ್ಲ. ನಮ್ಮದನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟಿರುತ್ತೇವೆ. ಬೇಕಿದ್ದರೆ ಭಾನುವಾರ ಗಾಡಿ ನೋಡಲು ಹೋಗುವ ಮೊದಲು ನಮ್ಮ ಮನೆ ಕಡೆ ಬನ್ನಿ. ಅಜ್ಜಿ ಅದರ ಮೇಲೆ ಒಂದು ಸಲ ಹತ್ತಿ ಇಳಿದು ನೋಡಲಿ.