ಮೊಂಟೋಯಾ ಫಾರ್ಮುಲಾ ಒನ್ ಬಿಟ್ಟದ್ದು ನಷ್ಟವೇ?

ಕೊನೆಯ ತಿರುವು:
ಕೊಲಂಬಿಯಾದ ಹುವಾನ್ ಪಾಬ್ಲೊ ಮೊಂಟೋಯಾ ಅವರು 2006ರ ನಡುವಿನಲ್ಲೇ ಮೆಕ್‌ಲಾರೆನ್ ತಂಡವನ್ನೂ ಫಾರ್ಮುಲಾ ಒನ್ನನ್ನೂ ಬಿಟ್ಟು ಅಮೆರಿಕದ ಕಾರ್ ರೇಸ್ ಸರಣಿ ನಾಸ್ಕಾರ್‌ಗೆ ಹೋದದ್ದು ದೊಡ್ಡ ತಪ್ಪೆಂದು ನಾನು ಇಂದಿಗೂ ನಂಬಿದ್ದೇನೆ. 2001ರಲ್ಲಿ, ಮೊದಲ ವರ್ಷವೇ ಇಟಲಿಯ ಮೊಂಜಾದಲ್ಲಿ ಗೆದ್ದು, 2003ರಲ್ಲಿ ಮೊನಾಕೊವನ್ನೂ ಗೆದ್ದು, ಆ ವರ್ಷ ಇಂಡಿಯಾನಾಪೊಲಿಸ್ ರೇಸಿನವರೆಗೂ ಶೂಮಾಕರ್ ಮತ್ತು ರೈಕೊನೆನ್ ಅವರೊಂದಿಗೆ ಪ್ರಶಸ್ತಿಗಾಗಿ ಸೆಣಸಿದವರು, ಮುಂದೆ ನಾಸ್ಕಾರ್‌ನ ಏಳು ಪೂರ್ಣ ಋತುಗಳಲ್ಲಿ ಗೆದ್ದದ್ದು ಎರಡೇ ಎರಡು ರೇಸ್: 2007ರಲ್ಲಿ ಸೊನೋಮಾ, 2010ರಲ್ಲಿ ವಾಟ್ಕಿನ್ಸ್ ಗ್ಲೆನ್. ಎರಡೂ ಎಡಬಲ ತಿರುವುಗಳ ಟ್ರ್ಯಾಕ್‌ಗಳು. ಓವಲ್‌ನಲ್ಲಿ, ಅಂದರೆ ಅಂಡಾಕಾರದ ಟ್ರ್ಯಾಕ್‌ನಲ್ಲಿ, ಒಂದೂ ಇಲ್ಲ.

ಹಳೆಯ ಟೈರು:
ನಿಮ್ಮ ಅಂಕಿಗಳು ಸರಿ, ಆದರೆ ತಕ್ಕಡಿ ಸರಿಯಿಲ್ಲ. ಚಾಲಕನೂ ಸೇರಿ ಸುಮಾರು 600 ಕಿಲೋ ತೂಗುವ ಕಾರಿನಿಂದಿಳಿದು, 1,500 ಕಿಲೋ ದಾಟುವ, ಕೈಯಿಂದಲೇ ಗೇರ್ ಹಾಕಬೇಕಾದ ಕಾರಿಗೆ ಹತ್ತಿದವರಿಗೆ, ಬ್ರೇಕ್ ಒತ್ತುವ ಜಾಗದಿಂದ ಹಿಡಿದು ಟೈರು ಉಳಿಸಿಕೊಳ್ಳುವ ಬಗೆಯವರೆಗೆ ಎಲ್ಲವನ್ನೂ ಮತ್ತೆ ಕಲಿಯಬೇಕಾಗುತ್ತದೆ. ಓವಲ್‌ನಲ್ಲಿ ಅವರು ಸೋತರು ಎನ್ನುವ ಮುನ್ನ 2009ರ ಇಂಡಿಯಾನಾಪೊಲಿಸ್ ನಾಸ್ಕಾರ್ ರೇಸನ್ನು ನೆನಪಿಸಿಕೊಳ್ಳಿ. 160 ಸುತ್ತುಗಳಲ್ಲಿ 116 ಸುತ್ತು ಅವರೇ ಮುಂದಿದ್ದರು. ಟೈರು, ಇಂಧನಕ್ಕಾಗಿ ಕಾರು ನಿಲ್ಲಿಸುವ ಪಿಟ್ ಲೇನಿನಲ್ಲಿ ವೇಗದ ಮಿತಿ ಮೀರಿದ್ದಕ್ಕೆ ದಂಡ ಬಿದ್ದು 11ನೆಯವರಾಗಿ ಮುಗಿಸಿದರು. ಅಂದು ಅವರ ಕೈತಪ್ಪಿದ್ದು ಗೆಲುವೇ ಹೊರತು ಓವಲ್‌ನ ವಿದ್ಯೆಯಲ್ಲ.

ಮಲೆನಾಡಿನ ಓದುಗ:
ಆ ದಂಡವೂ ಅವರ ಕಾಲಿನಿಂದಲೇ ಬಂದದ್ದಲ್ಲವೇ? 2003ರಲ್ಲಿ ಬ್ಯಾರಿಕೆಲ್ಲೊ ಅವರಿಗೆ ಡಿಕ್ಕಿಯಾಗಿ ದಂಡ ಬಿದ್ದು ಪ್ರಶಸ್ತಿಯ ಆಸೆ ಮುಗಿದದ್ದೂ ಅದೇ ಇಂಡಿಯಾನಾಪೊಲಿಸ್‌ನಲ್ಲಿ. ಅದೇ ಊರಿನ ಓವಲ್‌ನಲ್ಲಿ 2000ರಲ್ಲಿ, ಮೊದಲ ಪ್ರಯತ್ನದಲ್ಲೇ, 200 ಸುತ್ತುಗಳಲ್ಲಿ 167 ಸುತ್ತು ಮುಂದಿದ್ದು 500 ಮೈಲಿಯ ರೇಸಾದ ಇಂಡಿ 500 ಗೆದ್ದರೆಂಬುದನ್ನೂ ಸೇರಿಸಿಯೇ ಹೇಳುತ್ತೇನೆ. ನನ್ನ ಮಟ್ಟಿಗೆ ಅವರ ಬಲವೂ ದೌರ್ಬಲ್ಯವೂ ಒಂದೇ ಮೂಲದ್ದು: ಕಾಯುವುದು ಅವರಿಗೆ ಆಗುತ್ತಿರಲಿಲ್ಲ. ಸರಣಿ ಬದಲಿಸಿದ್ದು ತಪ್ಪೋ ಸರಿಯೋ ಎಂಬುದಕ್ಕಿಂತ ಈ ಸ್ವಭಾವ ಎಲ್ಲೆಲ್ಲಿ ಫಲ ಕೊಟ್ಟಿತೆಂದು ನೋಡುವುದು ಮೇಲು.

ಹಳೆಯ ಟೈರು:
ಹಾಗಾದರೆ ಎರಡು ಸಮಬಲದ ಕಥೆ ಕೇಳಿ. 1999ರಲ್ಲಿ, ಅಮೆರಿಕದ ಕಾರ್ಟ್ ರೇಸ್ ಸರಣಿಯಲ್ಲಿ, ಅವರಿಗೂ ಡಾರಿಯೊ ಫ್ರಾಂಕಿಟಿ ಅವರಿಗೂ ತಲಾ 212 ಅಂಕ. ಏಳು ಗೆಲುವಿದ್ದ ಕಾರಣ, ಮೂರು ಗೆಲುವಿನ ಫ್ರಾಂಕಿಟಿಯವರನ್ನು ಹಿಂದಿಕ್ಕಿ ಮೊಂಟೋಯಾ ಚಾಂಪಿಯನ್ ಆದರು. ಹದಿನಾರು ವರ್ಷಗಳ ನಂತರ, 2015ರ ಇಂಡಿಕಾರ್ ಸರಣಿಯಲ್ಲಿ (ಇಂಡಿ 500 ಇದರದ್ದೇ ರೇಸ್), ಮೊದಲ ರೇಸಿನಿಂದಲೂ ಅಂಕಪಟ್ಟಿಯ ತುದಿಯಲ್ಲಿದ್ದವರು ಕೊನೆಯ ರೇಸಿನಲ್ಲಿ ಸ್ಕಾಟ್ ಡಿಕ್ಸನ್ ಅವರೊಂದಿಗೆ 556 ಅಂಕಗಳಲ್ಲಿ ಸಮನಾದರು. ಈ ಬಾರಿ ಡಿಕ್ಸನ್ ಅವರಿಗೆ ಮೂರು ಗೆಲುವು, ಇವರಿಗೆ ಎರಡು. ಆ ಎರಡರಲ್ಲಿ ಒಂದು, 39ರ ವಯಸ್ಸಿನಲ್ಲಿ ಗೆದ್ದ ಎರಡನೆಯ ಇಂಡಿ 500. ಏಳು ವರ್ಷಕ್ಕೂ ಹೆಚ್ಚು ಕಾಲ ಬೇರೆ ಜಾತಿಯ ಕಾರಿನಲ್ಲಿ ಕಳೆದು ಮರಳಿದವರು ಇಷ್ಟು ಮಾಡಿದ್ದನ್ನು ನಷ್ಟದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೊನೆಯ ತಿರುವು:
2015ನ್ನು ನಾನು ತೂಗಿ ನೋಡಿರಲಿಲ್ಲ, ಒಪ್ಪುತ್ತೇನೆ. ಡೇಟೋನಾ 24 ಗಂಟೆಯ ರೇಸಿನಲ್ಲಿ ಮೂರು ಗೆಲುವು, 2019ರಲ್ಲಿ ಡೇನ್ ಕ್ಯಾಮೆರಾನ್ ಅವರೊಂದಿಗೆ ಅಮೆರಿಕದ ಐಎಂಎಸ್ಎ ಸ್ಪೋರ್ಟ್ಸ್ ಕಾರ್ ಸರಣಿಯ ಪ್ರಶಸ್ತಿ, ಇವೂ ಫಾರ್ಮುಲಾ ಒನ್ ಬಿಟ್ಟ ಮೇಲಿನವೇ. ಆದರೂ 2004ರ ಮೊಂಜಾದಲ್ಲಿ ಗಂಟೆಗೆ 262 ಕಿ.ಮೀ. ಸರಾಸರಿಯ ಸುತ್ತು ಹಾಕಿ, 2018ರವರೆಗೆ ಯಾರೂ ಮುರಿಯಲಾಗದ ದಾಖಲೆ ಬರೆದವರು ಏಳೇ ಗ್ರ್ಯಾನ್ ಪ್ರೀ ಗೆಲುವಿಗೆ ನಿಂತುಹೋದರೆಂಬ ಬೇಸರ ನನ್ನಲ್ಲಿ ಉಳಿದೇ ಇದೆ.

ಮಲೆನಾಡಿನ ಓದುಗ:
ಆ ಬೇಸರ ನನಗೂ ಇದೆ. ಆದರೆ ನನಗೆ ಹೆಚ್ಚು ಕಾಡುವುದು ಫ್ರಾನ್ಸಿನ 24 ಗಂಟೆಯ ರೇಸ್ ಲೆ ಮಾನ್. ಮೊನಾಕೊ, ಇಂಡಿ 500, ಲೆ ಮಾನ್ ಮೂರನ್ನೂ ಗೆದ್ದವರು ಗ್ರಹಾಂ ಹಿಲ್ ಒಬ್ಬರೇ. ಮೊದಲೆರಡು ಕೈಯಲ್ಲಿದ್ದರೂ ಮೊಂಟೋಯಾ ಲೆ ಮಾನ್‌ಗೆ ಮೊದಲ ಬಾರಿ ಹೋದದ್ದು 2018ರಲ್ಲಿ, ಅದೂ ಒಟ್ಟಾರೆ ಗೆಲುವಿಗೆ ನಿಲುಕದ ಎರಡನೆಯ ದರ್ಜೆಯ ಕಾರಿನಲ್ಲಿ.