ಹಲಸೂರು ಮನೆ ಗುಂಪಿನಲ್ಲಿ ಬೂಟಿನ ಜಗಳ

ದೊಡ್ಡಪ್ಪ (ಬೆಳಿಗ್ಗೆ 6:12)
ಹಲವು ಬಾರಿ ಫಾರ್ವರ್ಡ್ ಆಗಿದೆ
1950ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್!! ಬರಿಗಾಲಲ್ಲಿ ಆಡುತ್ತಾರೆಂದು ಫಿಫಾ ಭಾರತವನ್ನು ಹೊರಗಟ್ಟಿತು. ನಮ್ಮ ವೀರರು ಬೂಟಿಗೆ ತಲೆಬಾಗಲಿಲ್ಲ. 10 ಜನರಿಗೆ ಕಳಿಸಿ 🇮🇳

ದೊಡ್ಡಪ್ಪ: ಮಕ್ಕಳೆಲ್ಲ ಓದಿ. ಈಗ ಹತ್ತು ಸಾವಿರದ ಬೂಟು ಹಾಕ್ಕೊಂಡು ಏನು ಗೆದ್ದಿದ್ದಾರೆ?

ಅತ್ತೆ: 🙏 ಶುಭೋದಯ

ನಾನು: ಇದನ್ನ ಯಾರು ಬರೆದದ್ದು ದೊಡ್ಡಪ್ಪ?

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಲ್ಲಿ ಬಂತು. ಹಾಕಿದವರು ರಿಟೈರ್ಡ್ ಇಂಜಿನಿಯರ್. ಸುಳ್ಳು ಹೇಳೋ ಮನುಷ್ಯ ಅಲ್ಲ.

ನಾನು: ಫಿಫಾ ತಡೆದೇ ಇಲ್ಲ. ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದಿದ್ದಕ್ಕೆ ನಮಗೆ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿಗೆ ಹಾಕಿದ್ದರು. ಹೋಗಲ್ಲ ಅಂದದ್ದು ನಮ್ಮದೇ ಫುಟ್‌ಬಾಲ್ ಫೆಡರೇಶನ್. ಅಭ್ಯಾಸಕ್ಕೆ ಸಮಯ ಇಲ್ಲ, ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ ಅಂತ ಕಾರಣ ಕೊಟ್ಟರು. ಆಗ ಅವರಿಗೆ ಒಲಿಂಪಿಕ್ಸೇ ದೊಡ್ಡದು.

ಚಿಕ್ಕಪ್ಪ: ಸರಿಯಾಗಿ ಹೇಳಿದೆ ಪುಟ್ಟಿ. 1948ರಲ್ಲಿ ಲಂಡನ್ ಒಲಿಂಪಿಕ್ಸಲ್ಲಿ ನಮ್ಮೋರು ಬಹುತೇಕ ಬರಿಗಾಲಲ್ಲೇ ಆಡಿದ್ದು. ಫ್ರಾನ್ಸ್ ಮೇಲೆ 1-2 ಸೋತ್ರು. ಎರಡು ಪೆನಾಲ್ಟಿ ಹಾಳು ಮಾಡ್ಕೊಂಡ್ರು, ಇಲ್ಲಾಂದ್ರೆ ಗೆಲ್ಲೋ ಆಟ. ಯಾರು ತಡೆದ್ರು? ಬೂಟು ಬರೀ ನೆಪ ಅಂತ ಆ ತಂಡದಲ್ಲಿದ್ದ ಶೈಲೇನ್ ಮನ್ನಾ ಅವರೇ ಹೇಳಿದ್ದಾರೆ.

ದೊಡ್ಡಪ್ಪ: ನೀನು ಬಾಯಿ ಹಾಕ್ತೀಯ ಅಂತ ಗೊತ್ತಿತ್ತು. ನಿಂಬೆರಸ ಕುಡಿದ್ರೆ ಕೊರೊನಾ ಓಡಿಹೋಗತ್ತೆ ಅಂತ ಇದೇ ಗುಂಪಿಗೆ ಕಳಿಸಿದ್ದು ಯಾರು?

ಚಿಕ್ಕಪ್ಪ: ಅದಕ್ಕೂ ಇದಕ್ಕೂ ಏನು ಸಂಬಂಧ ಅಣ್ಣ?

ಅತ್ತೆ: ನಿಂಬೆಹಣ್ಣು ಒಳ್ಳೇದೇ.

ಅತ್ತೆ ಮಗ: ದೊಡ್ಡ ಮಾವ, ನೆನಪಿದ್ಯಾ? ನನ್ನನ್ನ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಗೌತಮಪುರಕ್ಕೆ ಕರ್ಕೊಂಡು ಹೋಗ್ತಿದ್ರಿ. ವಿಶ್ವಕಪ್ ಬಂತಂದ್ರೆ ಬೀದಿ ತುಂಬಾ ಬ್ರೆಜಿಲ್ ಬಾವುಟ. ಈಗ ಅಲ್ಲಿ ಪೆಲೆ ಪ್ರತಿಮೆ ಇದೆ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಕಪ್) ಫೈನಲ್‌ಗೆ ಕಂಠೀರವದಲ್ಲಿ ನಾನಿದ್ದೆ. ಕುವೈತ್ ಜೊತೆ 1-1, ನಮ್ಮ ಗೋಲಿ ಗುರ್‌ಪ್ರೀತ್ ಕೊನೇ ಪೆನಾಲ್ಟಿ ತಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದವರನ್ನೆಲ್ಲ ತಬ್ಕೊಂಡೆ.

ದೊಡ್ಡಪ್ಪ: ಸ್ಯಾಫ್ ಬಿಡು. 1951ರಲ್ಲಿ ಡೆಲ್ಲಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಇರಾನ್ ಮೇಲೆ ಮೇವಾಲಾಲ್ ಗೋಲು. ಆಗ ಶಿಸ್ತು ಇತ್ತು, ಹಿರಿಯರು ಅಂದ್ರೆ ಭಯ ಇತ್ತು.

ನಾನು: ಅದು ನಿಜ. ಮರುವರ್ಷ ಒಲಿಂಪಿಕ್ಸಲ್ಲಿ ಹೆಲ್ಸಿಂಕಿ ಚಳಿಯಲ್ಲಿ ಹಲವರು ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯ ಕೈಲಿ 10-1 ಸೋತದ್ದೂ ನಿಜ. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹಮದ್ ಖಾನ್ ಅವರದ್ದು. ಬೂಟು ಬಂದ ಮೇಲೇ 1956ರ ಒಲಿಂಪಿಕ್ಸಲ್ಲಿ 4ನೇ ಸ್ಥಾನ ಬಂದದ್ದು, ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಹೊಡೆದದ್ದು. 1962ರಲ್ಲಿ ಜಕಾರ್ತ ಏಷ್ಯನ್ ಗೇಮ್ಸಲ್ಲಿ ದಕ್ಷಿಣ ಕೊರಿಯಾನ 2-1 ಸೋಲಿಸಿ ಚಿನ್ನ ತಂದರು. ಕೋಚ್ ರಹೀಮ್ ಸಾಹೇಬರಿಗೆ ಕ್ಯಾನ್ಸರ್, ಮರುವರ್ಷ ಹೋಗೇಬಿಟ್ಟರು. ಆ ತಂಡದಲ್ಲಿ ನಮ್ಮೂರಿನ ಅರುಮೈನಾಯಗಂ ಇದ್ದರು. ಇದನ್ನ ಯಾಕೆ ಯಾರೂ ಹತ್ತು ಜನರಿಗೆ ಕಳಿಸಲ್ಲ ದೊಡ್ಡಪ್ಪ? ಆಡಿ ಗೆದ್ದವರ ಹೆಸರು ಮರೆತು, ಆಡದ ವಿಶ್ವಕಪ್ ಹಿಡ್ಕೊಂಡು ಕೂತಿದ್ದೀವಿ. ನನಗೆ ಹೊಟ್ಟೆ ಉರಿಯತ್ತೆ.

ದೊಡ್ಡಪ್ಪ: ಹಿರಿಯರ ಹತ್ರ ಹೀಗಾ ಮಾತಾಡೋದು? ಒಂದು ಮೆಸೇಜ್ ಹಾಕಿದ್ರೆ ಕೋರ್ಟಿಗೆ ಎಳೀತೀರ.

ಚಿಕ್ಕಪ್ಪ: ಅವಳು ಕೇಳಿದ್ರಲ್ಲಿ ತಪ್ಪೇನಿದೆ? ಕಳಿಸದೇ ಇದ್ದೋರು ಕಳಿಸಲಿಲ್ಲ ಅಂತ ಒಪ್ಕೊಳಲ್ಲ, ಬೂಟಿನ ಮೇಲೆ ಹಾಕ್ತಾರೆ. ನಂಗೂ ಅದೇ ಆಯ್ತು.

ದೊಡ್ಡಪ್ಪ: ಶುರುವಾಯ್ತು.

ಚಿಕ್ಕಪ್ಪ: ಸೆಲೆಕ್ಷನ್ ದಿನ ಬೆಳಿಗ್ಗೆ ಬೂಟು ಕಾಣಲಿಲ್ಲ. ಎರಡು ದಿನ ಆದ್ಮೇಲೆ ಅಕ್ಕಿ ಡಬ್ಬದ ಹಿಂದೆ ಸಿಕ್ತು. ಅಪ್ಪ ಬಚ್ಚಿಟ್ಟಿದ್ರು ಅಂತ ನೀನು ಹೇಳಿದೆ. ಆರು ತಿಂಗಳು ಅಪ್ಪನ ಜೊತೆ ನಾನು ಸರಿಯಾಗಿ ಮಾತಾಡಿಲ್ಲ.

ದೊಡ್ಡಪ್ಪ: ಎಸ್‌ಎಸ್‌ಎಲ್‌ಸಿಗೆ ಹದಿನೈದು ದಿನ ಇತ್ತು. ಗಣಿತದಲ್ಲಿ ನಿಂಗೆ 22 ಬಂದಿತ್ತು. ಮನೇಲಿ ಯಾರಾದ್ರೂ ಯೋಚನೆ ಮಾಡಬೇಕಿತ್ತಲ್ಲ.

ಚಿಕ್ಕಪ್ಪ: ಯಾರಾದ್ರೂ ಅಂದ್ರೆ?

ಅತ್ತೆ: ಇಬ್ಬರೂ ಸಾಕು ಮಾಡಿ. ಭಾನುವಾರ ಅಪ್ಪನ ತಿಥಿ, ಊಟಕ್ಕೆ ಎಷ್ಟು ಜನ ಅಂತ ಅಡುಗೆಯವರು ಆಗಲೇ ಎರಡು ಸಲ ಕೇಳಿದ್ರು.

ದೊಡ್ಡಪ್ಪ: 🚫 ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ಅಳಿಸಿದ್ಯಾಕೆ ಅಣ್ಣ? ನಾನು ಓದಿ ಆಯ್ತು.

ಚಿಕ್ಕಪ್ಪ: ಅಕ್ಕ, ನಮ್ಮ ಮನೆಯಿಂದ ನಾಲ್ಕು ಜನ.