ಊರ ಕ್ರೀಡಾಪಟುಗಳ ಗೋಡೆಗೆ ಬಣ್ಣ: ದರ ಹೇಗೆ ಹೇಳಬೇಕು?

ವಿಜಯಪುರದ ಗುತ್ತಿಗೆದಾರ (ಪ್ರಶ್ನೆ):

ಹಿರಿಯರಿಗೂ ಇದೇ ಕಸುಬಿನ ಗೆಳೆಯರಿಗೂ ಶರಣು. ವಿಜಯಪುರದಲ್ಲಿ ಹನ್ನೊಂದು ವರ್ಷಗಳಿಂದ ಪೇಂಟಿಂಗ್ ಗುತ್ತಿಗೆ ಮಾಡಿಕೊಂಡಿದ್ದೇನೆ. ಮನೆಗಳ ಕೆಲಸ ಕಡಿಮೆ. ಗೋದಾಮು, ಶಾಲೆ, ಮಂಗಲ ಕಾರ್ಯಾಲಯ, ಅಂಗಡಿಗಳ ಸಾಲು ಇಂಥವೇ ಹೆಚ್ಚು. ಕಾಯಂ ಎಂಟು ಜನ ಕೆಲಸಗಾರರಿದ್ದಾರೆ. ಶನಿವಾರ ಸಂಜೆ ಅವರ ಪಗಾರ ತಪ್ಪುವಂತಿಲ್ಲ.

ನಮ್ಮ ಬಡಾವಣೆಯ ಮೈದಾನಕ್ಕೆ 240 ಅಡಿ ಉದ್ದ, 7 ಅಡಿ ಎತ್ತರದ ಕಂಪೌಂಡ್ ಗೋಡೆಯಿದೆ. ಅದರ ಹೊರಮೈಗೆ ಬಣ್ಣ ಬಳಿದು, ಊರಿಗೆ ಹೆಸರು ತಂದ ಆಟಗಾರರ ಚಿತ್ರ ಬರೆಸಬೇಕೆಂದು ಮೈದಾನದ ಸಮಿತಿಯವರು ನನ್ನನ್ನು ಕರೆಸಿದ್ದರು. ಅವರು ಕೇಳುವುದು ಐದು ಚಿತ್ರ: ನಾಲ್ಕು ಸೈಕ್ಲಿಂಗಿನವು, ಒಂದು ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ ಅವರದು. 2017ರ ವಿಶ್ವಕಪ್ಪಿನಲ್ಲಿ ಡರ್ಬಿ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು 15 ರನ್ನಿಗೆ 5 ವಿಕೆಟ್ ಕಿತ್ತ ದಿನ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಸೈಕ್ಲಿಂಗ್ ವಿಷಯವನ್ನಂತೂ ಹೇಳಬೇಕಾಗಿಲ್ಲ. ಬೆಳಗಿನ ಜಾವ ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಬಗ್ಗಿಕೊಂಡು ಹೊಡೆಯುವ ಹುಡುಗರನ್ನು ನೋಡುತ್ತಲೇ ಬೆಳೆದವನು ನಾನು. ಶಾಲೆಯಲ್ಲಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಒಂದು ಪಂದ್ಯಕ್ಕೂ ಇಳಿದಿದ್ದೆ. ಚೈನು ಕಳಚಿ ಕೊನೆಯವನಾಗಿ ಬಂದೆ, ಆ ಮಾತು ಬೇರೆ.

ಈಗ ತೊಡಕು ಇಲ್ಲಿದೆ. ಹಳೆಯ ಸುಣ್ಣ ಕೆರೆದು ತೆಗೆಯುವುದು, ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ), ಎರಡು ಕೋಟ್ ಎಮಲ್ಶನ್ (ನೀರು ಬೆರೆಸಿ ಬಳಿಯುವ ಬಣ್ಣ), ಚಿತ್ರಕಾರನ ಆರು ದಿನದ ಕೂಲಿ ಎಲ್ಲ ಸೇರಿ ನನ್ನ ಅಸಲು ಖರ್ಚೇ 56,000 ರೂಪಾಯಿ ಆಗುತ್ತದೆ. ಸಮಿತಿಯವರ ಬಳಿ ಇರುವುದು 40,000. "ಊರ ಕೆಲಸ, ನೀನೂ ಊರವನೇ, ಗೋಡೆಯ ಮೇಲೆ ನಿನ್ನ ಅಂಗಡಿಯ ಹೆಸರು ದೊಡ್ಡದಾಗಿ ಬರೆದುಕೋ" ಎನ್ನುತ್ತಾರೆ. ದಸರೆಗೆ ಮುಗಿಯಬೇಕು ಎಂಬ ಮಾತೂ ಇದೆ. ಇಲ್ಲವೆಂದರೆ ಊರಿಗೆ ಎರವಾಗುತ್ತೇನೆ, ಹೂಂ ಎಂದರೆ ಬಣ್ಣದ ಅಂಗಡಿಯ ಉದ್ರಿ ಬೆಳೆಯುತ್ತದೆ. ಇಂಥ ಕೆಲಸಕ್ಕೆ ತಾವೆಲ್ಲ ದರ ಹೇಗೆ ಹೇಳುತ್ತೀರಿ? ಹೆಸರು ಬರೆದುಕೊಳ್ಳುವುದರಿಂದ ನಿಜವಾಗಿ ಧಂದೆ ಬರುತ್ತದೆಯೇ?

ಬೆಳಗಾವಿಯ ಹಿರಿಯ ಪೇಂಟರ್:

ತಮ್ಮಾ, ಈ ಹೊಂಡದಲ್ಲಿ ನಾನು ಎರಡು ಸಲ ಬಿದ್ದು ಎದ್ದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಬೆಳಗಾವಿಯಲ್ಲಿ ಈ ಹುಚ್ಚು ನಿಮ್ಮಲ್ಲಿಗಿಂತ ಕಡಿಮೆಯೇನಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ಬಂಡು ಪಾಟೀಲರ ಹೆಸರು ಹೇಳಿದರೆ ಇಂದಿಗೂ ಹಳಬರ ಎದೆ ಉಬ್ಬುತ್ತದೆ. ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುಸ್ತಿಯಂಥ ಆಟವಾದ ಕುರಾಶ್‌ನಲ್ಲಿ ಕಂಚು ತಂದಾಗ ಆ ಆಟದ ಹೆಸರನ್ನೇ ಕೇಳದಿದ್ದವರೂ ಮೆರವಣಿಗೆಗೆ ಹೋದರು. ಹಾಗಾಗಿ ಗರಡಿಮನೆ, ವ್ಯಾಯಾಮಶಾಲೆ, ತರುಣ ಮಂಡಳಗಳಿಂದ ಇಂಥ ಕೆಲಸ ವರ್ಷಕ್ಕೊಂದಾದರೂ ಬರುತ್ತದೆ.

ಮೊದಲ ಸಲ ನಾನು ಅಸಲಿಗಿಂತ ಕಡಿಮೆಗೆ ಒಪ್ಪಿಕೊಂಡೆ. ಖರ್ಚು ಸರಿದೂಗಿಸಲು ಏನು ಮಾಡಿದೆನೆಂದರೆ, ಸುಣ್ಣವನ್ನು ಪೂರ್ತಿ ಕೆರೆಸದೆ ಅದರ ಮೇಲೆಯೇ ಪ್ರೈಮರ್ ಹೊಡೆಸಿದೆ. ಸುಣ್ಣದ ಪುಡಿಯ ಮೇಲೆ ಕುಳಿತ ಎಮಲ್ಶನ್ ಗೋಡೆಯನ್ನು ಹಿಡಿದಿರುವುದಿಲ್ಲ, ಪುಡಿಯನ್ನು ಹಿಡಿದಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಗೋಡೆಯ ಮೇಲೆ ಬರೆಸಿದ್ದ ಪೈಲ್ವಾನನ ಎಡಗೆನ್ನೆ ಹಪ್ಪಳದಂತೆ ಎದ್ದು ಬಿತ್ತು. ನನಗೆ 16,000 ರಿಯಾಯಿತಿ ಕೊಟ್ಟವನೆಂಬ ಹೆಸರು ಬರಲಿಲ್ಲ; ಪೈಲ್ವಾನನ ಮುಖ ಕೆಡಿಸಿದವನೆಂಬ ಹೆಸರು ಬಂತು. ಅದರ ಕೆಳಗೆ ನನ್ನ ಅಂಗಡಿಯ ಹೆಸರು, ಫೋನ್ ನಂಬರು ಮಾತ್ರ ನೆಟ್ಟಗೆ ಉಳಿದಿದ್ದವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ದರ ಇಳಿಸಬೇಡಿ, ಕೆಲಸ ಇಳಿಸಿ. 240 ಅಡಿಯಲ್ಲಿ ರಸ್ತೆಗೆ ಕಾಣುವ ಭಾಗ ಎಷ್ಟೆಂದು ಅಳೆಯಿರಿ. 120 ಅಡಿ ಇದ್ದರೆ ಅಷ್ಟನ್ನೇ ಪೂರ್ತಿ ಪದ್ಧತಿಯಲ್ಲಿ ಮಾಡಿ, ಐದು ಚಿತ್ರದ ಬದಲು ಮೂರು ಬರೆಸಿ, ಉಳಿದ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡಿ. ಲೆಕ್ಕ ಬರೆದು ತೋರಿಸಿದರೆ ಸಮಿತಿಯವರಿಗೂ ಅರ್ಥವಾಗುತ್ತದೆ. ಪೂರ್ತಿ ಗೋಡೆ 1,680 ಚದರ ಅಡಿ. ಹೊರಗೋಡೆಯ ಎಮಲ್ಶನ್ ಎರಡು ಕೋಟ್ ಬಳಿದರೆ ಲೀಟರಿಗೆ 50ರಿಂದ 60 ಚದರ ಅಡಿ ಬರುತ್ತದೆ, ಒರಟು ಗಿಲಾವಾದರೆ ಇನ್ನೂ ಕಡಿಮೆ. ಅಂದರೆ ಹಿನ್ನೆಲೆಗೆ 28ರಿಂದ 34 ಲೀಟರಾದರೂ ಬೇಕು. ಈ ಲೆಕ್ಕದಲ್ಲಿ ಊರಾಭಿಮಾನ ಎಷ್ಟು ಬೆರೆಸಿದರೂ ಲೀಟರು ಹೆಚ್ಚುವುದಿಲ್ಲ.

ಇನ್ನು ದಸರೆಯ ವಾಯಿದೆ. ನಿಮ್ಮ ಕಡೆ ಮಳೆ ಜೋರಾಗುವುದೇ ಸೆಪ್ಟೆಂಬರಿನಲ್ಲಿ. ಎರೆಮಣ್ಣಿನ ನೆಲದಲ್ಲಿ ನಿಂತ ಕಂಪೌಂಡ್ ಗೋಡೆ ಮಳೆಯಲ್ಲಿ ಉಬ್ಬಿದ ಮಣ್ಣಿನೊಂದಿಗೆ ಅಲುಗುತ್ತದೆ, ಬೇಸಿಗೆಯಲ್ಲಿ ಮಣ್ಣು ಬಿರಿದಾಗ ಮತ್ತೆ ಕುಗ್ಗುತ್ತದೆ. ಇಂಥ ಬಿರುಕಿಗೆ ಬರೀ ಪುಟ್ಟಿ ತುಂಬಿದರೆ ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ. ಹಿಗ್ಗುವ ಗುಣದ ಕ್ರ್ಯಾಕ್ ಫಿಲ್ಲರ್ ಬೇಕು. ಬುಡದಲ್ಲಿ ಬಿಳಿ ಉಪ್ಪು ಮೂಡಿದ್ದರೆ ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ ತೆಗೆದು, ಕೆಲವು ದಿನ ಬಿಟ್ಟು, ಮತ್ತೆ ಮೂಡುತ್ತದೆಯೇ ನೋಡಿ. ಗೋಡೆ ಒಣಗುವ ಮೊದಲು ಬ್ರಶ್ ಮುಟ್ಟಬೇಡಿ, ಯಾರು ಬಂದು ಹೇಳಿದರೂ ಸರಿ.

ಬಾಗಲಕೋಟೆಯ ಲೆಕ್ಕಪತ್ರದವರು:

ನಾನು ಬಣ್ಣದವನಲ್ಲ. ನವನಗರದಲ್ಲಿ ಸಣ್ಣ ಗುತ್ತಿಗೆದಾರರ ತೆರಿಗೆ ಲೆಕ್ಕ ನೋಡುವವನು. ಹಿರಿಯರು ಹೇಳಿದ್ದಕ್ಕೆ ಬಿಲ್ಲಿನ ವಿಷಯ ಸೇರಿಸುತ್ತೇನೆ.

ನೀವು ರಿಯಾಯಿತಿ ಕೊಡುವುದೇ ಆದರೆ ಕಡಿಮೆ ದರದ ಕೊಟೇಶನ್ ಬರೆಯಬೇಡಿ. ನಿಮ್ಮ ಎಂದಿನ ದರವನ್ನೇ ಪೂರ್ತಿ ಬರೆದು, ಕೆಳಗೆ ಪ್ರತ್ಯೇಕ ಸಾಲಿನಲ್ಲಿ "ಮೈದಾನಕ್ಕಾಗಿ ರಿಯಾಯಿತಿ" ಎಂದು ಮೊತ್ತ ತೋರಿಸಿ ಕಳೆಯಿರಿ. ಇದರಿಂದ ಎರಡು ಲಾಭಗಳಿವೆ. ನಾಳೆ ಅದೇ ಸಮಿತಿಯ ಸದಸ್ಯರೊಬ್ಬರು ತಮ್ಮ ಗೋದಾಮಿಗೆ ಚದರ ಅಡಿಗೆ ಅದೇ ಕಡಿಮೆ ದರ ಕೇಳಿದಾಗ ಆ ಬಿಲ್ಲೇ ನಿಮ್ಮ ಉತ್ತರವಾಗುತ್ತದೆ. ಎರಡನೆಯದಾಗಿ, ನೀವು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಬಿಲ್ಲಿನಲ್ಲಿಯೇ ನಮೂದಿಸಿದ ರಿಯಾಯಿತಿಯನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ 18 ಪ್ರತಿಶತ ತೆರಿಗೆ ಬೀಳುತ್ತದೆ. ಅದರ ಬದಲು ಬಣ್ಣದ ಡಬ್ಬಿಗಳನ್ನು ಪುಕ್ಕಟೆ ಕೊಟ್ಟುಬಿಟ್ಟರೆ, ಅವುಗಳ ಖರೀದಿಯ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸವಲತ್ತು) ಹಿಂತಿರುಗಿಸಬೇಕಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ವರ್ಷದ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿ ಮಾಡಿಸದಿದ್ದರೆ ಬಿಲ್ಲಿನಲ್ಲಿ ತೆರಿಗೆ ಸೇರಿಸುವಂತೆಯೇ ಇಲ್ಲ.

ಗೋಡೆಯ ಮೇಲೆ ಅಂಗಡಿಯ ಹೆಸರಿನ ವಿಷಯದಲ್ಲಿ ಎಚ್ಚರವಿರಲಿ. ಪ್ರಸಿದ್ಧ ಆಟಗಾರ್ತಿಯ ಮುಖದ ಪಕ್ಕದಲ್ಲಿಯೇ "ನಮ್ಮಲ್ಲಿ ಎಲ್ಲ ಬಗೆಯ ಪೇಂಟಿಂಗ್ ಮಾಡಲಾಗುವುದು" ಎಂದು ಬರೆದರೆ, ಅವರೇ ನಿಮ್ಮ ಅಂಗಡಿಗೆ ಶಿಫಾರಸು ಮಾಡಿದಂತೆ ಓದುವವರಿಗೆ ತೋರುತ್ತದೆ. ವ್ಯಾಪಾರಕ್ಕೆ ಅವರ ಚಿತ್ರ ಬಳಸಲು ಅವರ ಒಪ್ಪಿಗೆ ಬೇಕು. ಗೌರವಕ್ಕಾಗಿ ಬರೆದ ಚಿತ್ರಕ್ಕೂ ಸಮಿತಿಯವರೇ ಪತ್ರ ಬರೆದು ಕೇಳಿಕೊಂಡರೆ ಲೇಸು. ನಿಮ್ಮ ಹೆಸರು ಗೋಡೆಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ "ಬಣ್ಣದ ಕೆಲಸ" ಎಂದಿದ್ದರೆ ಸಾಕು. ಮುಂಗಡ ಅರ್ಧ, ಹಿನ್ನೆಲೆ ಬಣ್ಣ ಮುಗಿದ ದಿನ ಕಾಲು ಭಾಗ, ಉಳಿದದ್ದು ಕೊನೆಯ ದಿನ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಸಮಿತಿಯ ಅಧ್ಯಕ್ಷರು ಬದಲಾದರೆ ಬಾಯಿಮಾತು ಅವರ ಜೊತೆಗೇ ಹೋಗುತ್ತದೆ.

ವಿಜಯಪುರದ ಚಿತ್ರಕಾರ:

ಬೋರ್ಡು ಬರೆಯುತ್ತಿದ್ದವನು ನಾನು. ಫ್ಲೆಕ್ಸ್ ಬಂದ ಮೇಲೆ ಗೋಡೆಚಿತ್ರಕ್ಕೆ ಹೊರಳಿದೆ. ದರದ ಬಗ್ಗೆ ಇಬ್ಬರು ಹೇಳಿದ್ದಾಗಿದೆ. ನಾನು ಚಿತ್ರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಊರಿನವರು ಅಳೆಯುವುದು ಬಣ್ಣದ ಕಂಪನಿಯನ್ನಲ್ಲ.

ಮೂರು ವರ್ಷದ ಹಿಂದೆ ಒಂದು ಶಾಲೆಯ ಗೋಡೆಯ ಮೇಲೆ ಟ್ರ್ಯಾಕ್ ಸೈಕಲ್ (ರಸ್ತೆಯಲ್ಲಲ್ಲ, ಪಂದ್ಯದ ಟ್ರ್ಯಾಕಿನಲ್ಲಿ ಓಡಿಸುವಂಥದು) ಓಡಿಸುವ ಹುಡುಗನನ್ನು ಬರೆದೆ. ನೆರಳು, ಬೆವರು, ಕಾಲಿನ ನರ ಎಲ್ಲ ಚೆನ್ನಾಗಿ ಬಂದಿತ್ತು. ಸಂಜೆ ತಾಲೀಮು ಮುಗಿಸಿ ಬಂದ ನಾಲ್ಕು ಹುಡುಗರು ನಿಂತು ನೋಡಿದರು, ಒಬ್ಬ ನಕ್ಕ. "ಕಾಕಾ, ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ" ಎಂದ. ನಾನು ಹ್ಯಾಂಡಲ್ಲಿಗೆ ಎರಡು ಬ್ರೇಕ್ ಲಿವರ್ ಬರೆದಿದ್ದೆ. ಹಿಂದಿನ ಚಕ್ರಕ್ಕೆ ಗೇರಿನ ಹಲ್ಲುಗಳ ಸಾಲನ್ನೂ ಕೂರಿಸಿದ್ದೆ. ಅಲ್ಲಿರುವುದು ಒಂದೇ ಹಲ್ಲುಚಕ್ರ, ಅದೂ ಫಿಕ್ಸೆಡ್, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರಬೇಕು. ರಸ್ತೆ ಸೈಕಲ್ಲಿನ ಫೋಟೊ ನೋಡಿ ಟ್ರ್ಯಾಕಿನ ಚಿತ್ರ ಬರೆದ ಫಲ ಅದು. ಬೇರೆ ಊರಿನಲ್ಲಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ನಮ್ಮೂರಿನಲ್ಲಿ ಹತ್ತು ವರ್ಷದ ಹುಡುಗನೂ ಹಿಡಿಯುತ್ತಾನೆ.

ರಾಜೇಶ್ವರಿಯವರ ಚಿತ್ರದಲ್ಲಿಯೂ ಇಂಥದೇ ಅಪಾಯವಿದೆ. ಅವರು ಎಡಗೈ ಸ್ಪಿನ್ನರ್. ಪ್ರೊಜೆಕ್ಟರಿನಲ್ಲಿ ಫೋಟೊ ಬಿಟ್ಟು ಗೆರೆ ಎಳೆಯುವಾಗ, ಅಥವಾ ಎದುರು ಬದಿಯ ಚಿತ್ರಕ್ಕೆ ಜೋಡಿಯಾಗಲೆಂದು ಮೊಬೈಲಿನಲ್ಲಿ ತಿರುಗಿಸುವಾಗ, ಎಡ ಬಲವಾಗಿಬಿಡುತ್ತದೆ. ಜರ್ಸಿಯ ಮೇಲಿನ ಅಕ್ಷರ ನೆಟ್ಟಗೆ ಬರೆದುಕೊಂಡರೂ ಕೈ ತಿರುಗಿಯೇ ಇರುತ್ತದೆ. ಗೆರೆ ಮುಗಿದ ಮೇಲೆ, ಬಣ್ಣ ತುಂಬುವ ಮೊದಲು, ಆಟ ಬಲ್ಲವರೊಬ್ಬರನ್ನು ಕರೆದು ತೋರಿಸಿ. ಒಂದು ಕಪ್ ಚಹಾ ಖರ್ಚು, ಅಷ್ಟೇ.

ಬಣ್ಣದ ಆಯ್ಕೆಗೆ ಒಂದು ಮಾತು: ನಮ್ಮ ಬಿಸಿಲಿಗೆ ಥಳಥಳಿಸುವ ಕೆಂಪು, ನಿಂಬೆ ಹಳದಿ ಬೇಗ ಮಾಸುತ್ತವೆ. ಜರ್ಸಿಯ ನೀಲಿ ತಾಳುತ್ತದೆ, ಕೆಮ್ಮಣ್ಣಿನ ಕೆಂಪೂ ತಾಳುತ್ತದೆ. ಪಶ್ಚಿಮಕ್ಕೆ ಮುಖವಿರುವ ಗೋಡೆಯಾದರೆ ಬೆಳಿಗ್ಗೆ ನೆರಳಿರುವಾಗಲೇ ಮುಗಿಸಿಕೊಳ್ಳಿ. ಕಾದ ಗೋಡೆಯ ಮೇಲೆ ಎಮಲ್ಶನ್ ಬ್ರಶ್ ಎತ್ತುವಷ್ಟರಲ್ಲಿ ಒಣಗಿ ಪಟ್ಟೆ ಪಟ್ಟೆ ಕಾಣುತ್ತದೆ. ಬುಡದ ಎರಡು ಅಡಿಗೆ ಕೆಮ್ಮಣ್ಣು ಬಣ್ಣದ ಪಟ್ಟಿ ಎಳೆದುಬಿಡಿ. ಗುಟ್ಕಾ ಉಗುಳುವವರನ್ನು ನಾವು ತಿದ್ದಲಾಗದು, ಅವರ ಕಲೆ ಕಾಣದಂತೆ ಮಾಡಬಹುದು. ತ್ರಿವರ್ಣ ಧ್ವಜವನ್ನು ಮಾತ್ರ ಆ ಎತ್ತರದಲ್ಲಿ ಎಲ್ಲಿಯೂ ಬರೆಯಬೇಡಿ.

ವಿಜಯಪುರದ ಗುತ್ತಿಗೆದಾರ:

ಮೂವರಿಗೂ ಶರಣು. ನಿನ್ನೆ ಟೇಪು ಹಿಡಿದು ಅಳೆದೆ. ರಸ್ತೆಗೆ ಕಾಣುವುದು 130 ಅಡಿ ಮಾತ್ರ, ಉಳಿದ ಭಾಗಕ್ಕೆ ಜಾಲಿ ಕಂಟಿ ಅಡ್ಡ ಇದೆ. ಆ 130 ಅಡಿಗೆ ಮೂರು ಚಿತ್ರ ಸೇರಿಸಿ, ನನ್ನ ಲಾಭವನ್ನೂ ಹಿಡಿದು 45,000 ಎಂದು ಬರೆದು, 5,000 ರಿಯಾಯಿತಿ ತೋರಿಸಿದೆ. ಕೈಯಿಂದ ಹೋಗುವುದು ಸ್ವಲ್ಪ ಲಾಭ, ಪಗಾರವಲ್ಲ. ಅಧ್ಯಕ್ಷರು ಮೊದಲು ಮುಖ ಸಣ್ಣದು ಮಾಡಿಕೊಂಡರು. ಗೋಡೆಗೆ ಅಂಗೈ ಉಜ್ಜಿ ಬೆಳ್ಳಗಾದ ಕೈ ತೋರಿಸಿ, ಬುಡದ ಉಪ್ಪನ್ನು ಉಗುರಿನಿಂದ ಕೆರೆದು ತೋರಿಸಿದ ಮೇಲೆ ಸುಮ್ಮನಾದರು. ದಸರೆಯ ವಾಯಿದೆ ಬಿಟ್ಟು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೊಳಗೆ ಮುಗಿಸುವುದೆಂದು ಒಪ್ಪಂದವಾಗಿದೆ. ಮುಂಗಡ 20,000 ಬಂದಿದೆ.

ಚಿತ್ರಕಾರರಿಗೆ ಒಂದು ವಿನಂತಿ: ಗೆರೆ ಹಾಕಲು ತಾವೇ ಬರುವಿರಾದರೆ ಫೋನ್ ನಂಬರನ್ನು ಖಾಸಗಿಯಾಗಿ ಕಳುಹಿಸಿರಿ. ಬ್ರೇಕ್ ನೋಡಿ ನಕ್ಕ ಆ ಹುಡುಗ ಈಗಲೂ ತಾಲೀಮಿಗೆ ಬರುತ್ತಿದ್ದರೆ ಅವನನ್ನೂ ಕರೆತನ್ನಿ. ಚಹಾದ ಖರ್ಚು ನನ್ನದು.